ಗಾಲಿ ಮನೆಗೊಂದು ವೈರು

ಮಾನ್ಯಾ, ಸುಹಾಸಾ, ಹೋದ ರಜೆಯಲ್ಲಿ ನೀವು ಹಾಸನದ ಹಾಸ್ಟೆಲಿನಿಂದ ಮನೆಗೆ ಬಂದಾಗ ಕಾಫಿ ಕಣದ ಅಂಚಿನಲ್ಲಿ ಬಿದ್ದಿರುವ ಕಪ್ಪು ವೈರನ್ನು ಕಾಲಿನಿಂದ ತಟ್ಟಿ, "ಅಜ್ಜಿ, ಇದು ಯಾಕೆ ಇಷ್ಟು ದಪ್ಪ?" ಎಂದು ಕೇಳಿದಿರಿ. "ನಿಮ್ಮಪ್ಪನ್ನ ಕೇಳ್ರೋ" ಎಂದು ನಾನು ಅಡುಗೆಮನೆಗೆ ಹೋದೆ. ನಿಮ್ಮಪ್ಪ "ನಿಮ್ಮಜ್ಜೀನ ಕೇಳಿ" ಎಂದು ಬೈಕು ಹತ್ತಿ ಹೋದನಂತೆ. ಹೀಗೆ ಇಬ್ಬರು ದೊಡ್ಡವರು ಒಂದು ವೈರಿನ ವಿಷಯಕ್ಕೆ ನಿಮ್ಮಿಂದ ತಪ್ಪಿಸಿಕೊಂಡೆವು. ನನಗೆ ಎದುರಿಗೆ ಮಾತು ಬರುವುದಿಲ್ಲವೆಂಬುದು ನಿಮಗೆ ಗೊತ್ತೇ ಇದೆ. ಕಾಗದದ ಮುಂದೆ ಅಷ್ಟು ನಾಚಿಕೆಯಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ವೈರಿನಷ್ಟು ನೀರಸವಾದ ವಸ್ತು ಮನೆಯಲ್ಲಿ ಇನ್ನೊಂದಿಲ್ಲ. ದೀಪವನ್ನು ನೋಡುತ್ತೇವೆ, ಫ್ಯಾನಿನ ಕೆಳಗೆ ಕೂರುತ್ತೇವೆ, ಮಿಕ್ಸಿಯ ಬಣ್ಣವನ್ನು ಅಂಗಡಿಯಲ್ಲಿ ಅರ್ಧ ಗಂಟೆ ಆರಿಸುತ್ತೇವೆ. ವೈರನ್ನು ಮಾತ್ರ ಯಾರೂ ನೋಡುವುದಿಲ್ಲ. ನಾನೂ ನೋಡಿದವಳಲ್ಲ. ಆಲೂರಿನ ಆಚೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಏಳನೆಯ ಕ್ಲಾಸಿನವರೆಗೆ ಓದಿದೆ. ವಿದ್ಯುತ್ತಿನ ಪಾಠವನ್ನು ನಮಗೆ ಕರೆಂಟಿಲ್ಲದ ಕೋಣೆಯಲ್ಲೇ ಮಾಡಿದರು. ಬಾಚಣಿಗೆಯನ್ನು ಕೂದಲಿಗೆ ಉಜ್ಜಿದರೆ ಅದು ಕಾಗದದ ಚೂರನ್ನು ಎಳೆಯುತ್ತದೆಂದು ಮೇಷ್ಟ್ರು ತೋರಿಸಬೇಕಿತ್ತು. ಅವರ ತಲೆಯಲ್ಲಿ ಉಜ್ಜುವಷ್ಟು ಕೂದಲಿರಲಿಲ್ಲವಾದ್ದರಿಂದ ಮುಂದಿನ ಸಾಲಿನಲ್ಲಿದ್ದ ನನ್ನನ್ನು ಎಬ್ಬಿಸಿದರು. ನಮ್ಮವ್ವ ಅಂದು ನನ್ನ ತಲೆಗೆ ಹರಳೆಣ್ಣೆ ಇಳಿಯುವ ಹಾಗೆ ಹಚ್ಚಿದ್ದಳು. ಎಷ್ಟು ಉಜ್ಜಿದರೂ ಕಾಗದ ಏಳಲಿಲ್ಲ; ಬಾಚಣಿಗೆಗೆ ಎಣ್ಣೆಯಲ್ಲಿ ಅಂಟಿಕೊಂಡಿತು, ಅಷ್ಟೆ. ಇಡೀ ಕ್ಲಾಸು ನಕ್ಕಿತು. ಆಮೇಲೆ ಐವತ್ತು ವರ್ಷ ನಾನು ಕರೆಂಟಿನ ವಿಷಯಕ್ಕೆ ತಲೆ ಕೊಡಲಿಲ್ಲ.

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಕರೆಂಟು ಬಂತು. ನನ್ನ ಅತ್ತೆ ಸಂಜೆ ಸ್ವಿಚ್ಚು ಒತ್ತುವ ಮೊದಲು ಕೈ ತೊಳೆದು, ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡು, ಬಲ್ಬು ಹತ್ತಿದ ಕೂಡಲೇ ಅದಕ್ಕೆ ಕೈಮುಗಿಯುತ್ತಿದ್ದರು. ನಿಮ್ಮ ತಾತ ಮರೆಯಲ್ಲಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಕೈಮುಗಿಯುವುದು ಅವರವರ ಭಕ್ತಿ, ಕೈ ಒರೆಸಿಕೊಳ್ಳುವುದು ಮಾತ್ರ ನಮ್ಮಿಬ್ಬರಿಗೂ ಇಲ್ಲದಿದ್ದ ಬುದ್ಧಿ.

ನಿಮ್ಮಪ್ಪ ಬಾಳ್ಳುಪೇಟೆಯ ಹೆದ್ದಾರಿ ಬದಿಯ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಟ್ರೇಲರುಗಳನ್ನು ವೆಲ್ಡಿಂಗ್ ಮಾಡುತ್ತಾನೆ, ಅದು ನಿಮಗೆ ಗೊತ್ತು. ಯಾರೋ ಬಿಟ್ಟುಹೋದ ಒಂದು ಹಳೆಯ ಟ್ರೇಲರಿನ ಚಾಸಿಯ ಮೇಲೆ ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಅವನು ಮನೆ ಕಟ್ಟಿದ. ಒಳಗೆ ಎರಡು ಮಂಚ, ಮಡಚುವ ಮೇಜು, ಪುಟ್ಟ ಫ್ರಿಜ್ಜು, ಕರೆಂಟ್ ಒಲೆ, ಕೆಟ್ಲು, ನನ್ನ ಸೊಂಟದ ಅಗಲಕ್ಕೆ ಸರಿಯಾಗಿ ಒಗ್ಗದ ಬಚ್ಚಲು, ಅದರಲ್ಲೊಂದು ಗೀಸರು. ಮನೆಗೆ ಗಾಲಿ ಹಾಕಿದನೋ ಗಾಡಿಗೆ ಮನೆ ಹಾಕಿದನೋ ಎಂದು ಊರಿನವರು ತಮಾಷೆ ಮಾಡಿದರು. ಕೆಲವೊಮ್ಮೆ ಜೀಪಿಗೆ ಕಟ್ಟಿ ಬಿಸಿಲೆ ಘಾಟಿನ ಕಡೆಗೆ ಎಳೆದುಕೊಂಡು ಹೋಗುತ್ತಿದ್ದ. ಹೆಚ್ಚಾಗಿ ಅದು ನಮ್ಮ ಕಣದ ಕೊನೆಯಲ್ಲಿ ಗುಡ್ಡಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ನಿಮ್ಮಮ್ಮ ಸವಿತ ಅದರ ಫೋಟೊಗಳನ್ನು ಫೋನಿನಲ್ಲಿ ಹಾಕಿದಳು. ಬಾಡಿಗೆಗೆ ಉಳಿಯಲು ಜನ ಬರತೊಡಗಿದರು.

ಅಷ್ಟು ಚೆಂದದ ಮನೆಗೆ ಕರೆಂಟು ಹೋಗುತ್ತಿದ್ದದ್ದು ಕಾಫಿ ಮೂಟೆ ಇಡುವ ಸ್ಟೋರಿನಿಂದ, ಮೂರು ತುಂಡಿನ ಒಂದು ವೈರಿನಲ್ಲಿ. ಒಂದು ತುಂಡು ಹಳೆಯ ಪಂಪ್‌ಸೆಟ್ಟಿನದು, ಒಂದು ಯಾವುದೋ ಮದುವೆ ಚಪ್ಪರದ ಸೀರಿಯಲ್ ಸೆಟ್ ದೀಪದವರು ಬಿಟ್ಟುಹೋದದ್ದು, ಮೂರನೆಯದು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಎರಡು ಕಡೆ ಗಂಟು ಹಾಕಿ ಟೇಪು ಸುತ್ತಿದ್ದ. ವೆಲ್ಡಿಂಗ್ ಮಾಡುವವರಿಗೆ ಕರೆಂಟಿನ ಜೊತೆ ಒಂದು ಸಲಿಗೆ ಬೆಳೆದುಬಿಡುತ್ತದೆ. ದಿನವಿಡೀ ಕೆಂಡ ಉದುರಿಸುವ ಕೇಬಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುವವನಿಗೆ ಮನೆಯ ವೈರು ಏನು ಮಾಡೀತು ಎಂಬ ಧೈರ್ಯ. ಕಬ್ಬಿಣ ಕೂಡಿಸುವುದರಲ್ಲಿ ನಿಮ್ಮಪ್ಪನ ಕೈ ಎಷ್ಟು ಸೂಕ್ಷ್ಮವೋ ವೈರಿನ ವಿಷಯದಲ್ಲಿ ಅಷ್ಟೇ ಉದಾಸೀನ.

ಅವನೊಬ್ಬನನ್ನೇ ದೂರಿ ನಾನು ತಪ್ಪಿಸಿಕೊಳ್ಳುವ ಹಾಗಿಲ್ಲ. ಆ ವೈರು ಬೇಕಾದದ್ದಕ್ಕಿಂತ ಉದ್ದವಿತ್ತು. ಹಗ್ಗವಾಗಲಿ ನೀರಿನ ಪೈಪಾಗಲಿ ನೆಲದ ಮೇಲೆ ಚೆಲ್ಲಾಪಿಲ್ಲಿ ಬಿದ್ದರೆ ನನಗೆ ಆಗುವುದಿಲ್ಲ. ಉಳಿದ ಉದ್ದವನ್ನೆಲ್ಲ ಕೊಡಪಾನದ ಸಿಂಬೆಯ ಹಾಗೆ ಅಚ್ಚುಕಟ್ಟಾಗಿ ಸುತ್ತಿ ಇಟ್ಟವಳು ನಾನು. ಕಣದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಭಯ ಇಬ್ಬನಿಯದು. ಸಂಜೆಯಾದರೆ ಹರಡಿದ ಕಾಫಿಯನ್ನು ಒಟ್ಟುಮಾಡಿ ಟಾರ್ಪಾಲು ಹೊದಿಸುತ್ತೇವೆ, ಗೋರೆಹಲಗೆಯನ್ನೂ ಪೊರಕೆಯನ್ನೂ ಅದರೊಳಗೇ ತುರುಕುತ್ತೇವೆ. ವೈರಿನ ಸಿಂಬೆಗೂ ಮಂಜು ಬೀಳದಿರಲಿ ಎಂದು ಅದನ್ನು ಟಾರ್ಪಾಲಿನ ಕೆಳಗೆ, ಕಾಫಿ ರಾಶಿಯ ಮಗ್ಗುಲಿಗೆ ಸೇರಿಸುತ್ತಿದ್ದೆ. ಕಾಫಿಯವರಲ್ಲದ ಯಾರೂ ಇಂಥ ತಪ್ಪು ಮಾಡಲಾರರು. ಮಗುವಿಗೆ ಹೊದಿಸಿದ ಹಾಗೆ ವೈರಿಗೆ ಹೊದಿಸಿದೆ.

ಇನ್ನು ಕಾಲಿನ ವಿಷಯ. ಕಣದಲ್ಲಿ ಕಾಫಿ ತಿರುವುವಾಗ ನಾವು ಪಾದವನ್ನು ನೆಲಕ್ಕೆ ಒತ್ತಿ ಎಳೆದುಕೊಂಡು ಸಾಲು ಹೊಡೆಯುತ್ತಾ ನಡೆಯುತ್ತೇವೆ. ಹಣ್ಣು ಹಸಿಯೋ, ಅರೆ ಒಣಗಿದೆಯೋ, ಗಲಗಲ ಒಣಗಿದೆಯೋ ಎಂದು ಪಾದ ಹೇಳುತ್ತದೆ. ಇದನ್ನು ನನಗೆ ಕಲಿಸಿದವರು ನಿಮ್ಮ ತಾತ. ಅವರು ಹೋಗಿ ಆರು ವರ್ಷವಾಯಿತು. ಅವರಿದ್ದಷ್ಟು ದಿನ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಬಸ್ಸಿನಲ್ಲಿ ಮಾತಾಡುವುದೆಲ್ಲ ಅವರ ಪಾಲಿಗೆ, ಹಿಂದೆ ನಿಲ್ಲುವುದು ನನ್ನ ಪಾಲಿಗೆ. ಕಣದಲ್ಲಿ ಮಾತ್ರ "ನಿನ್ನ ಕಾಲು ಏನಂತದೆ?" ಎಂದು ನನ್ನನ್ನೇ ಕೇಳುತ್ತಿದ್ದರು.

ಕಳೆದ ಕಾಫಿ ಕುಯ್ಲಿನಲ್ಲಿ, ಚಳಿ ಜೋರಾಗಿದ್ದಾಗ, ಮೈಸೂರಿನ ಒಬ್ಬ ಹುಡುಗಿ ರಶ್ಮಿ ಗಂಡನ ಜೊತೆ, ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬಂದಿಳಿದಳು. ಚಳಿಗೆ ಗೀಸರು, ಕೂಸಿನ ಬಾಟಲಿಗೆ ಕೆಟ್ಲು, ಗಂಜಿಗೆ ಒಲೆ, ಎಲ್ಲವೂ ಒಟ್ಟಿಗೆ ನಡೆಯುತ್ತಿತ್ತು. ಅವರು ಬಂದ ಮೂರನೆಯ ದಿನದ ಬೆಳಿಗ್ಗೆ, ಬಿಸಿಲು ಇನ್ನೂ ಕಣಕ್ಕೆ ಇಳಿಯುವ ಮುಂಚೆ, ಟಾರ್ಪಾಲು ತೆಗೆಯಲು ಹೋದೆ. ಅಂಚಿನ ಮೇಲೆ ಬರಿಗಾಲು ಇಟ್ಟೆ. ಒಲೆಯ ಪಕ್ಕದ ನೆಲದಂತೆ ಬಿಸಿ ತಾಗಿತು. ಟಾರ್ಪಾಲು ಎತ್ತಿದರೆ ರಬ್ಬರು ಸುಟ್ಟ ಕಮಟು ವಾಸನೆ. ನನ್ನ ಸಿಂಬೆ ಮೆತ್ತಗಾಗಿ ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಮಗ್ಗುಲಿನ ಕಾಫಿ ಹಣ್ಣುಗಳು ಸುಟ್ಟು ಕರಕಲಾಗಿದ್ದವು.

ಟ್ರೇಲರಿನೊಳಗೆ ಕೂಸು ಗುಬ್ಬಿಯಂತೆ ಏನೋ ಸದ್ದು ಮಾಡುತ್ತಿತ್ತು. ಕೂಗಬೇಕು; ನನಗೆ ಕೂಗು ಬರಲಿಲ್ಲ. ಸ್ಟೋರಿಗೆ ಓಡಿ, ಕೈಯನ್ನು ಸೆರಗಿನಲ್ಲಿ ಒರೆಸಿಕೊಂಡು, ಹುಟ್ಟಿದಂದಿನಿಂದ ಮುಟ್ಟದ ಮೇನ್ ಸ್ವಿಚ್ಚನ್ನು ಕೆಳಗೆಳೆದೆ. ಹೊರಗೆ ಬಂದಾಗ ರಶ್ಮಿ ಬಾಗಿಲಲ್ಲಿ ನಿಂತಿದ್ದಳು.

"ಅಜ್ಜಿ, ಕರೆಂಟ್ ಹೋಯ್ತಾ?"

"ಹೋಯ್ತು ಕಣವ್ವ" ಎಂದೆ.

ನಮ್ಮ ಕಡೆ ಕರೆಂಟು ಹೋಯಿತೆಂದರೆ ಯಾರೂ ಎರಡನೆಯ ಮಾತು ಕೇಳುವುದಿಲ್ಲ. ಅವಳೂ ಕೇಳಲಿಲ್ಲ. ನಾಚಿಕೆಯಿಂದ ನಾನು ಆಡಿದ ಸುಳ್ಳುಗಳಲ್ಲಿ ಅಷ್ಟು ಸುಲಭವಾಗಿ ನಡೆದುಹೋದದ್ದು ಇನ್ನೊಂದಿಲ್ಲ.

ನಿಮ್ಮಪ್ಪನ ಹತ್ತಿರ ಅದು ನಡೆಯಲಿಲ್ಲ. ಹಲ್ಲುಜ್ಜುತ್ತಾ ಬಂದವನು, "ಅವ್ವ, ಎದುರು ಮನೇಲಿ ಗ್ರೈಂಡರ್ ಓಡ್ತಾ ಐತೆ. ನಮಗೊಬ್ರಿಗೇ ಹೋಗ್ಬುಡ್ತಾ ಕರೆಂಟು?" ಎಂದ.

"ನಾನೇ ಆಫ್ ಮಾಡಿದೀನಿ ಕಣೋ."

"ನೀನಾ?" ನಾನು ಲಾರಿ ಓಡಿಸಿದೆ ಎಂದಿದ್ದರೂ ಅವನ ಮುಖ ಅಷ್ಟು ಬದಲಾಗುತ್ತಿರಲಿಲ್ಲ.

ಸಿಂಬೆ ತೋರಿಸಿದೆ. ಮುಟ್ಟಿ ನೋಡಿದ. "ಇಷ್ಟೇನಾ? ನಮ್ಮ ವೆಲ್ಡಿಂಗ್ ಕೇಬಲ್ ಇದಕ್ಕಿಂತ ಬಿಸಿ ಆಯ್ತದೆ. ಸುರುಳಿ ಬಿಚ್ಚಿ ಹಾಕ್ತೀನಿ, ಇನ್ನೊಂದು ಸುತ್ತು ಟೇಪ್ ಹೊಡೀತೀನಿ, ಮುಗೀತು. ಬಂದೋರ ಮುಂದೆ ಮರ್ಯಾದೆ ತೆಗೀಬೇಡ ನೀನು."

"ಒಳಗೆ ಕೂಸೈತೆ ಲೋಕೇಶ."

"ಬಂದು ಎರಡು ದಿನ ಆಯ್ತಲ್ಲ, ಏನಾದ್ರೂ ಆಯ್ತಾ?"

ಸ್ಟೋರಿನ ಬಾಗಿಲು ಎಳೆದು ಬೀಗ ಹಾಕಿ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

"ಕೀ ಕೊಡವ್ವ."

"ಹೊಸ ವೈರು ಬರೋವರೆಗೂ ಕೊಡಲ್ಲ."

ಅಡುಗೆಮನೆಯ ಕಿಟಕಿಯಿಂದ ನಿಮ್ಮಮ್ಮ, "ಇಪ್ಪತ್ತು ವರ್ಷದಲ್ಲಿ ಅತ್ತೆ ಬಾಯಿಂದ ಕೊಡಲ್ಲ ಅನ್ನೋದು ಇವತ್ತೇ ಕೇಳ್ತಿರೋದು. ಏನೋ ಐತೆ, ಸುಮ್ನೆ ಕೇಳ್ರೀ" ಎಂದಳು. ನಿಮ್ಮಪ್ಪ ಬಾಯಿ ಮುಕ್ಕಳಿಸಿ ಉಗಿದು, ಬೈಕು ಹತ್ತಿ ಬಾಳ್ಳುಪೇಟೆಗೆ ಹೋಗಿಬಿಟ್ಟ.

ಹೋಗಬೇಕಾದವಳು ನಾನೇ ಎಂದಾಯಿತು. ಅಂಗಡಿಯವರು ಏನೇನು ಕೇಳುತ್ತಾರೋ ಎಂದು ಯೋಚಿಸಿದೆ. ಸೀರೆಗಾದರೆ ಬಣ್ಣ ಕೇಳುತ್ತಾರೆ, ವೈರಿಗೆ ಉದ್ದ ಕೇಳುತ್ತಾರೆ. ಬಾವಿಯ ಹಗ್ಗ ತಂದು ಸ್ಟೋರಿನ ಗೋಡೆಯಿಂದ ಕಣದ ಅಂಚನ್ನೇ ಬಳಸಿಕೊಂಡು ಟ್ರೇಲರಿನ ಬಾಗಿಲವರೆಗೆ ಹಿಡಿದು, ಎರಡು ಮೊಳ ಹೆಚ್ಚಿಗೆ ಬಿಟ್ಟು ಗಂಟು ಹಾಕಿದೆ. ಆಮೇಲೆ ಒಳಗಿನ ಸಾಮಾನುಗಳ ನೆನಪಾಯಿತು. ಅವುಗಳ ಬೆನ್ನಿನ ಮೇಲೆ ಏನೋ ಅಂಕಿಗಳಿರುತ್ತವೆ. ಅದನ್ನು ಓದಬೇಕಾದರೆ ರಶ್ಮಿಯ ಬಾಗಿಲು ತಟ್ಟಬೇಕು, ತಟ್ಟಿದ ಮೇಲೆ ನಿಜ ಹೇಳಬೇಕು.

ಅವಳ ಗಂಡ ಕ್ಯಾಮೆರಾ ಹಿಡಿದು ಗುಡ್ಡ ಹತ್ತಿದ್ದ. ನಾನು ಕೂಸಿನ ಪಾದವನ್ನೇ ನೋಡುತ್ತಾ, "ಕರೆಂಟ್ ಹೋಗಿರ್ಲಿಲ್ಲ ಕಣವ್ವ. ವೈರು ಸುಡ್ತಿತ್ತು. ನಾನೇ ಆಫ್ ಮಾಡಿದೆ. ನಿನಗೆ ಹೇಳೋಕೆ ಬಾಯಿ ಬರ್ಲಿಲ್ಲ" ಎಂದೆ.

ಅವಳು ಹೊರಗೆ ಬಂದು ಸಿಂಬೆಯನ್ನು ನೋಡಿದಳು. ಅಂಟಿದ ಸುತ್ತನ್ನು ಬೆರಳಿನಿಂದ ಒತ್ತಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ಕೊನೆಗೆ, "ರಾತ್ರಿಯೆಲ್ಲ ಗೀಸರ್ ಆನ್ ಇತ್ತು ಅಜ್ಜಿ, ನಾನು ಆಫ್ ಮಾಡೋದು ಮರ್ತಿದ್ದೆ" ಎಂದಳು. ಕೂಸನ್ನು ಎತ್ತಿಕೊಂಡು ನಮ್ಮ ಅಡುಗೆಮನೆಗೆ ಬಂದಳು. ನಿಮ್ಮಮ್ಮ ಗ್ಯಾಸಿನ ಮೇಲೆ ಗಂಜಿ ಮಾಡಿಕೊಟ್ಟಳು. ರಶ್ಮಿ ಮತ್ತೆ ಟ್ರೇಲರಿಗೆ ಹೋಗಿ ಒಲೆ, ಕೆಟ್ಲುಗಳನ್ನು ಒಂದೊಂದಾಗಿ ಬೋರಲು ಹಾಕಿ, ಗೀಸರಿನ ಕೆಳಗೆ ಬಗ್ಗಿ, ಅಂಕಿಗಳನ್ನು ಓದಿದಳು. ನಾನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದುಕೊಂಡೆ.

ಸಕಲೇಶಪುರದ ಬಸ್ಸಿನಲ್ಲಿ ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಪಕ್ಕದವಳು "ಹಸ ತರೋಕೆ ಹೊಂಟಿದ್ದೀರಾ?" ಎಂದು ಕೇಳಿದಳು. ಹೌದು ಎಂದುಬಿಟ್ಟೆ. ನಾಚಿಕೆಯ ಸುಳ್ಳು ಒಂದೇ ದಿನದಲ್ಲಿ ಬಿಡುವ ಚಟವಲ್ಲ.

ಎಲೆಕ್ಟ್ರಿಕ್ ಅಂಗಡಿಯ ಸಾಹೇಬರು ನಿಮ್ಮ ತಾತನನ್ನು ಬಲ್ಲವರು. ನನ್ನನ್ನು ನೋಡಿ, ನನ್ನ ಮುಂದೆ ಇನ್ನಾರೋ ಇರಬೇಕೆಂಬಂತೆ ಒಮ್ಮೆ ಬಾಗಿಲ ಕಡೆ ನೋಡಿದರು.

"ಏನ್ ಬೇಕಿತ್ತಮ್ಮ?"

"ವೈರು."

"ಬಲ್ಬಿಗಾ, ಮೋಟ್ರಿಗಾ?"

"ಮನೆಗೆ. ಗಾಲಿ ಇರೋ ಮನೆಗೆ."

ಬಲ್ಬು ಕೊಳ್ಳಲು ಬಂದಿದ್ದ ಯಾವುದೋ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ನಕ್ಕು, "ಅಮ್ಮೋರೇ, ಮನೆಗೆ ಗಾಲಿ ಹಾಕಿದ್ರೆ ಕಂದಾಯ ಯಾವೂರಲ್ಲಿ ಕಟ್ತೀರಿ?" ಎಂದರು.

"ಸುಮ್ನಿರು ಮಾರಾಯ" ಎಂದರು ಸಾಹೇಬರು. "ಅವರು ಅಳತೆ ಹಗ್ಗ ತಂದವ್ರೆ, ಲೋಡು ಬರ್ಕೊಂಡು ತಂದವ್ರೆ. ನೀನು ಹತ್ತು ವರ್ಷದಿಂದ ಬರ್ತಿದ್ದೀಯ, 'ಸುಮಾರು ಇಷ್ಟು ಕೊಡಿ' ಅನ್ನೋದು ಬಿಟ್ರೆ ಏನ್ ಹೇಳಿದ್ದೀಯ?"

ಆಮೇಲೆ ಅವರು ಹೇಳಿದ್ದನ್ನು ನೀವು ಗಮನವಿಟ್ಟು ಓದಬೇಕು. ಒಂದು ದಿನ ಆ ಮನೆಯನ್ನು ಎಳೆದುಕೊಂಡು ಹೋಗುವವರು ನೀವೇ. ಹಾಳೆಯ ಅಂಕಿಗಳನ್ನೆಲ್ಲ ಕೂಡಿ, ಇವೆಲ್ಲ ಒಟ್ಟಿಗೆ ಹತ್ತಿದರೆ ಇಪ್ಪತ್ತೈದು ಆಂಪಿನ ಹತ್ತಿರ ಕರೆಂಟು ಓಡುತ್ತದೆ, ನಾನು ಹೇಳಿದ ಚಪ್ಪರದ ವೈರು ಅದನ್ನು ಹೇಗೆ ಹೊತ್ತೀತು ಎಂದರು. ವೈರಿನ ಹೊರಗಿನ ದಪ್ಪ ನೋಡಿ ಮೋಸಹೋಗಬಾರದು, ಒಳಗಿನ ತಾಮ್ರ ಎಷ್ಟು ದಪ್ಪ ಎಂಬುದು ಲೆಕ್ಕ. ಉದ್ದ ಹೆಚ್ಚಿದಷ್ಟೂ ಒಳಗೆ ಇನ್ನೂ ದಪ್ಪ ಬೇಕು. ನಮಗೆ ಆರು ಸ್ಕ್ವೇರ್ ಎಂಎಂ ತಾಮ್ರ, ಮೇಲೆ ಬಿಸಿಲು ಮಳೆ ತಡೆಯುವ ರಬ್ಬರ್ ಹೊದಿಕೆ, ನಡುವೆ ಎಲ್ಲೂ ಗಂಟಿಲ್ಲದ ಒಂದೇ ತುಂಡು. ಎರಡು ತುದಿಗೂ ಮುಚ್ಚಳವಿರುವ, ಅಷ್ಟು ಆಂಪು ತಡೆಯುವ ದೊಡ್ಡ ಪ್ಲಗ್ಗು. ಅದರಲ್ಲೂ ಕರೆಂಟು ಹೊರಗೆ ಬರುವ ತುದಿಯಲ್ಲಿ ಪಿನ್ನಿನ ಮುಳ್ಳು ಇರಕೂಡದು, ತೂತೇ ಇರಬೇಕು. ಕೈಗೆ ಸಿಗುವ ಮುಳ್ಳಿನಲ್ಲಿ ಕರೆಂಟಿದ್ದರೆ ಹಿಡಿದವರ ಗತಿ ಮುಗಿಯಿತು. ಓಡುವಾಗ ವೈರನ್ನು ಸುತ್ತಿ ಇಡಬಾರದು, ಮುಚ್ಚಬಾರದು. ಸುತ್ತಿದ ವೈರಿನ ಬಿಸಿಗೆ ಹೊರಗೆ ಹೋಗಲು ದಾರಿಯಿರುವುದಿಲ್ಲ. ಅವರು ಇದನ್ನು ಹೇಳುವಾಗ ನಾನು ತಲೆ ತಗ್ಗಿಸಿದೆ. ಅವರಿಗೆ ಕಾರಣ ಗೊತ್ತಾಗಲಿಲ್ಲ.

"ನಿಮ್ಮ ಹಳೇದರಲ್ಲಿ ಒಳಗೆ ಎಷ್ಟು ವೈರಿದ್ವು?" ಎಂದು ಕೇಳಿದರು.

"ಎರಡು."

ಸಾಹೇಬರು ಕತ್ತರಿಯನ್ನು ಕೆಳಗಿಟ್ಟರು. "ಮೂರನೇದು ಇಲ್ವಾ? ಅಮ್ಮ, ಅದು ಕಬ್ಬಿಣದ ಮನೆ, ರಬ್ಬರ್ ಟಯರ್ ಮೇಲೆ ನಿಂತೈತೆ. ಒಳಗೆ ಒಂದು ಕಡೆ ವೈರ್ ಸವೆದು ತಗಡಿಗೆ ತಾಗಿದ್ರೆ ಇಡೀ ಮನೆ ಕರೆಂಟೇ. ಟಯರ್ ಅದನ್ನ ಭೂಮಿಗೆ ಬಿಡಲ್ಲ. ಹಸಿ ನೆಲದ ಮೇಲೆ ಕಾಲಿಟ್ಟು ಬಾಗಿಲು ಹಿಡ್ಕೊಂಡೋರ ಮೈಯೇ ಅದಕ್ಕೆ ದಾರಿ."

ಬೆಳಗಿನ ಮಂಜಿನಲ್ಲಿ ಒದ್ದೆಯಾದ ಕಣ, ಕೂಸನ್ನು ಸೊಂಟದ ಮೇಲಿಟ್ಟು ಬಾಗಿಲ ಹಿಡಿ ಹಿಡಿದು ನಿಂತ ರಶ್ಮಿ, ಎಲ್ಲವೂ ನನ್ನ ಕಣ್ಣ ಮುಂದೆ ಹಾದುಹೋಯಿತು. ಸಾಹೇಬರು ಕುಡಿಯಲು ನೀರು ಕೊಟ್ಟರು. ಆ ಮೂರನೆಯ ವೈರು ಅರ್ಥಿಂಗಿನದು, ದಾರಿ ತಪ್ಪಿದ ಕರೆಂಟನ್ನು ಭೂಮಿಗೆ ಇಳಿಸುವಂಥದು. ದಿನನಿತ್ಯ ಅದಕ್ಕೆ ಯಾವ ಕೆಲಸವೂ ಇಲ್ಲ, ಅದಿಲ್ಲದೆಯೂ ದೀಪ ಹತ್ತುತ್ತದೆ, ಅದಕ್ಕೇ ಜನ ಬಿಟ್ಟುಬಿಡುತ್ತಾರೆ ಎಂದು ವಿವರಿಸಿದರು. ಮನೆಯಲ್ಲಿ ಒಬ್ಬ ಅಜ್ಜಿಯನ್ನು ಇಟ್ಟುಕೊಂಡ ಹಾಗೆ ಎಂದು ಬರುವಾಗ ಬಸ್ಸಿನಲ್ಲಿ ಹೊಳೆದು ಒಬ್ಬಳೇ ನಕ್ಕೆ. ಆ ನಗು ಬಹಳ ದೂರ ಬರಲಿಲ್ಲ.

ಶಾಕ್ ತಾಗಿದ ಕ್ಷಣದಲ್ಲೇ ಕರೆಂಟು ಕಡಿಯುವ ಒಂದು ಸ್ವಿಚ್ಚನ್ನೂ ಅವರು ಚೀಲಕ್ಕೆ ಹಾಕಿದರು. ತಿಂಗಳಿಗೊಮ್ಮೆ ಅದರ ಬಟನ್ ಒತ್ತಿ ಪರೀಕ್ಷೆ ಮಾಡಬೇಕೆಂದೂ, ಲೈಸೆನ್ಸ್ ಇರುವವರಿಂದಲೇ ಇದನ್ನೆಲ್ಲ ಹಾಕಿಸಬೇಕೆಂದೂ ಎರಡು ಸಲ ಹೇಳಿದರು.

ಮನೆಗೆ ಬಂದಾಗ ನಿಮ್ಮಪ್ಪ ಶೆಡ್ಡಿನಿಂದ ಮಧ್ಯಾಹ್ನಕ್ಕೇ ತಿರುಗಿ ಬಂದಿದ್ದ. ಕಣದಲ್ಲಿ ಕುಕ್ಕುರುಗಾಲಲ್ಲಿ ಕೂತು ಹಳೆಯ ವೈರನ್ನು ಸೀಳುತ್ತಿದ್ದ. ಸಿಂಬೆಯ ಸುತ್ತುಗಳು ಎಳೆದರೂ ಬಿಡಿಯಾಗುತ್ತಿರಲಿಲ್ಲ. ಟೇಪಿನ ಕೆಳಗೆ ಗಂಟು ಇದ್ದಿಲಿನಂತೆ ಕಪ್ಪಾಗಿತ್ತು. ನನ್ನನ್ನು ನೋಡಿ ಅದನ್ನು ಮುಚ್ಚಿಡಲು ಹೋಗಲಿಲ್ಲ.

"ಊಟ ಮಾಡು ಹೋಗವ್ವ. ಅದನ್ನ ನಾನು ಜೋಡಿಸ್ತೀನಿ."

"ನೀನು ಬೇಡ. ಸಾಹೇಬ್ರು ಲೈಸೆನ್ಸ್ ಇರೋರನ್ನ ಕಳಿಸ್ತಾರಂತೆ."

ಬೇರೆ ದಿನವಾಗಿದ್ದರೆ ಅವನಿಗೆ ಸಿಟ್ಟು ಬರುತ್ತಿತ್ತು. "ಆಯ್ತು, ಅವರೇ ಹಾಕ್ಲಿ" ಎಂದ. ಮತ್ತೆ ವೈರನ್ನು ಸೀಳುತ್ತಾ, ತಲೆ ಎತ್ತದೆ, "ನನಗೆ ಈ ಬಿಸಿ ಗೊತ್ತೇ ಆಗ್ತಿರ್ಲಿಲ್ಲ ಕಣವ್ವ, ಶೂ ಹಾಕ್ಕೊಂಡೇ ಓಡಾಡೋನು. ನಿನಗೆ ಗೊತ್ತಾಗಿದ್ದು ನಮ್ಮ ಪುಣ್ಯ" ಎಂದ. ನಾನು ಒಳಗೆ ಹೋದೆ. ಊಟ ಸೇರಲಿಲ್ಲ.

ಮರುದಿನ ಎಲೆಕ್ಟ್ರಿಷಿಯನ್ ಬಂದ. ಸ್ಟೋರಿನ ಪಕ್ಕ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿ ಅರ್ಥಿಂಗ್ ಮಾಡಿದ, ಸ್ವಿಚ್ಚು ಕೂರಿಸಿ ಪರೀಕ್ಷೆ ಮಾಡಿ ತೋರಿಸಿದ. ನೀವು ಕಾಲಿನಿಂದ ತಟ್ಟಿದ ಕಪ್ಪು ವೈರು ಆಗ ಹಾಕಿದ್ದೇ. ರಶ್ಮಿ ಹೊರಡುವಾಗ ಕೂಸನ್ನು ನನ್ನ ಕೈಗೆ ಕೊಟ್ಟು, "ಈ ಅಜ್ಜಿ ಇಲ್ದಿದ್ರೆ ಏನಾಗ್ತಿತ್ತೋ" ಎಂದಳು. ಎಲ್ಲರೂ ನನ್ನನ್ನು ಹೊಗಳಿದರು. ಊರಿನಲ್ಲೂ ಮಾತಾಯಿತು. ಹೊಗಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ; ನಾಚಿಕೆ ಎಂದುಕೊಂಡರು.

ಮಕ್ಕಳೇ, ಅದು ನಾಚಿಕೆಯಲ್ಲ. ಅವರು ಬಂದ ಮೊದಲನೆಯ ರಾತ್ರಿ ಕಳೆದು ಬೆಳಗಾದಾಗಲೇ ನಾನು ಆ ಟಾರ್ಪಾಲಿನ ಮೇಲೆ ಕಾಲಿಟ್ಟಿದ್ದೆ. ಆಗಲೂ ಬೆಚ್ಚಗಿತ್ತು. ಹಸಿ ಹಣ್ಣನ್ನು ರಾಶಿ ಹಾಕಿ ಮುಚ್ಚಿದರೆ ಅದು ತಾನೇ ಕಾವೇಳುತ್ತದೆ. ಅದೇ ಇರಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಆದರೆ ಆ ರಾಶಿ ಎಂಟು ದಿನ ಒಣಗಿದ್ದು. ನನ್ನ ಪಾದಕ್ಕೆ ಅದು ಚೆನ್ನಾಗಿ ಗೊತ್ತಿತ್ತು. ಕಾಲು ಹೇಳಿತು, ನಾನು ಕೇಳಲಿಲ್ಲ. ಕರೆಂಟಿನ ವಿಷಯ, ಲೋಕೇಶನಿಗೆ ಗೊತ್ತಿರುತ್ತದೆ, ನಾನು ಹೇಳಿದರೆ ನಕ್ಕಾರು ಎಂದು ಟಾರ್ಪಾಲು ಮಡಚಿಟ್ಟು ಒಳಗೆ ಬಂದೆ. ಸಂಜೆ ಅದೇ ವೈರನ್ನು ಅದೇ ಕೈಯಿಂದ ಮತ್ತೆ ಸುತ್ತಿ ಮುಚ್ಚಿದೆ. ಆ ಒಂದು ಹಗಲು, ಒಂದು ರಾತ್ರಿ ಆ ಕೂಸು ಉಳಿದದ್ದು ನನ್ನಿಂದಲ್ಲ. ನಿಮ್ಮಪ್ಪ "ಏನಾದ್ರೂ ಆಯ್ತಾ?" ಎಂದಾಗ ನಾನು ಉತ್ತರಿಸಲಾಗದೆ ಬೀಗ ಹಾಕಿದ್ದು ಇದಕ್ಕೇ.

ಇದನ್ನು ನಿಮ್ಮಪ್ಪನಿಗೂ ಹೇಳಿಲ್ಲ, ರಶ್ಮಿಗೂ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ. ವೈರು ಎಷ್ಟು ಎಂಎಂ ಇರಬೇಕೆಂದು ಯಾವ ಅಂಗಡಿಯವರಾದರೂ ನಿಮಗೆ ಹೇಳಿಯಾರು. ಗೊತ್ತಾದದ್ದನ್ನು ಗೊತ್ತಾದ ದಿನವೇ ಬಾಯಿಬಿಟ್ಟು ಹೇಳಬೇಕೆಂದು, ಒಂದು ದಿನ ತಡಮಾಡಿದವಳಲ್ಲದೆ ಇನ್ನಾರು ನಿಮಗೆ ಹೇಳಬೇಕು? ಮಾನ್ಯಾ, ನೀನು ನನ್ನ ಹಾಗೆ ಹಿಂದೆ ನಿಲ್ಲುವವಳು. ನಿನಗೇ ಹೆಚ್ಚಾಗಿ ಬರೆದಿದ್ದೇನೆ. ನಕ್ಕರೆ ನಗಲಿ.

ಈ ಹಾಳೆಗಳನ್ನು ಕಳೆಯಬೇಡಿ. ದೊಡ್ಡವರಾದ ಮೇಲೆ, ನಾನಿಲ್ಲದಾಗ, ನಿಮ್ಮಪ್ಪನಿಗೆ ಒಮ್ಮೆ ಓದಿ ಹೇಳಿ. ಆಮೇಲೂ ಎತ್ತಿಡಿ.